ಹಾಲು ಬತ್ತಿದ ಹಸುಗಳು

ಮನೆಗೆ ಹೊಸದಾಗಿ ಒಂದು ವಸ್ತು ತರುವಾಗ ಯಾವುದನ್ನು ತರಬೇಕೆಂಬ ಚರ್ಚೆ ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಯಾವ ಕಂಪೆನಿಯದು, ಎಷ್ಟು ಬೆಲೆ, ಎಷ್ಟು ವರ್ಷದ ಗ್ಯಾರಂಟಿ ಎಂದು ಊಟದ ಹೊತ್ತಿಗೆ ನಾಲ್ಕು ದಿನ ಮಾತಾಗುತ್ತದೆ. ಯಾರಿಗಾಗಿ ತರುವುದು ಎಂಬುದು ಮಾತ್ರ ಆ ಚರ್ಚೆಯಲ್ಲಿ ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದೇ ಎಲ್ಲರ ಭಾವನೆ. ಬೆಳ್ತಂಗಡಿ ಕಡೆಯ ನನ್ನ ತವರುಮನೆಯಲ್ಲಿ ಅಡಿಕೆ ತೋಟದ ಪಂಪುಸೆಟ್ಟು ಮೂರು ಸಲ ಬದಲಾದ ಮೇಲೆ ಅಡಿಗೆಮನೆಗೆ ಒಂದು ಮಿಕ್ಸಿ ಬಂತು. ತೋಟಕ್ಕೆ ನೀರು ಬೇಕು, ನಿಜ. ಆದರೆ ಅಷ್ಟೂ ವರ್ಷ ಅಮ್ಮ ಕಡೆಯುವ ಕಲ್ಲಿನ ಮುಂದೆ ಕೂತು ಹನ್ನೆರಡು ಜನರಿಗೆ ಮಸಾಲೆ ಕಡೆದದ್ದೂ ನಿಜ. ಆಕೆ ಬೇಕೆಂದು ಕೇಳಿರಲಿಲ್ಲ. ಕೇಳದ್ದರಿಂದ ಅಗತ್ಯವಿಲ್ಲ ಎಂದಾಯಿತು.

ನಮ್ಮ ಮನೆಯಲ್ಲಿ ಕಳೆದ ಮಳೆಗಾಲದ ಕೊನೆಗೆ ಇಂಥದೇ ಚರ್ಚೆ ಎದ್ದದ್ದು ಕಂಪ್ಯೂಟರಿನ ಬಗ್ಗೆ. (ಸ್ಮರಣ ಸಂಚಿಕೆಗಳಲ್ಲಿ ನಾವು ಅದನ್ನು ಗಣಕಯಂತ್ರ ಎಂದು ಬರೆಯುತ್ತೇವೆ. ಮನೆಯೊಳಗೆ ಯಾರೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ.) ನಾನು ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಮನೆಯಲ್ಲೇ ಕೂತು ಕನ್ನಡ ಡಿ.ಟಿ.ಪಿ. ಮಾಡುವವಳು. ಮದುವೆ ಕಾಗದ, ಗೃಹಪ್ರವೇಶ, ನೇಮೋತ್ಸವದ ಕರೆಯೋಲೆ, ಯಕ್ಷಗಾನದ ಕರಪತ್ರ, ನಾಲ್ಕೈದು ವರ್ಷಕ್ಕೊಮ್ಮೆ ಯಾವುದಾದರೂ ಬ್ರಹ್ಮಕಲಶೋತ್ಸವದ ಇನ್ನೂರು ಪುಟದ ಸಂಚಿಕೆ, ಇವೇ ನನ್ನ ಸಾಹಿತ್ಯ. ಈಗಿರುವ ಕಂಪ್ಯೂಟರ್ 2014ರಲ್ಲಿ ಜೋಡಿಸಿ ತಂದದ್ದು. ಸಿಡಿಲಿಗೆ ಎರಡು ಸಲ ಅದರ ಎಸ್.ಎಂ.ಪಿ.ಎಸ್. ಸುಟ್ಟಿದೆ, ಯು.ಪಿ.ಎಸ್. ಬ್ಯಾಟರಿ ಎಷ್ಟು ಸಲ ಹಾಕಿದ್ದೆಂದು ಲೆಕ್ಕ ಇಟ್ಟಿಲ್ಲ, ಕೀಬೋರ್ಡಿನಲ್ಲಿ ಅಕ್ಷರಗಳು ಸವೆದು ಬೋಳಾಗಿವೆ. ಬೋಳಾದರೇನು, ಬೆರಳಿಗೆ ದಾರಿ ಗೊತ್ತು. ಯಂತ್ರ ಚೆನ್ನಾಗಿಯೇ ನಡೆಯುತ್ತದೆ.

ಹೀಗಿರುವಾಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಂದರೆ ಆ ದಿನ ಯಂತ್ರಗಳೆಲ್ಲ ನಿಂತುಹೋದವು ಎಂದಲ್ಲ. ಹೊಸ ಹೊಸ ಕಳ್ಳದಾರಿಗಳು ಗೊತ್ತಾದಾಗ ಅವನ್ನು ಮುಚ್ಚಲು ಬರುತ್ತಿದ್ದ ತೇಪೆಗಳು ನಿಂತವು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ ವರೆಗೆ, ಭದ್ರತೆಯ ತೇಪೆಗಳಷ್ಟೇ ಸಿಗುವ ಏರ್ಪಾಡಾಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡು ಯಂತ್ರದೊಳಗೆ ಇರಬೇಕು, ಪ್ರೊಸೆಸರ್ ಇಂಟೆಲ್‌ನದ್ದಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನದಾಗಿರಬೇಕು. ನನ್ನದು ನಾಲ್ಕನೆಯ ತಲೆಮಾರಿನದು.

ಒಂದು ವಸ್ತು ಹಳೆಯದಾಗುವುದು ಯಾವಾಗ? ಕಡೆಯುವ ಕಲ್ಲು ಸವೆದರೆ ಗೊತ್ತಾಗುತ್ತಿತ್ತು, ಉಳಿಯಿಂದ ಹೊಡೆಸಿದರೆ ಮತ್ತೆ ಹೊಸತಾಗುತ್ತಿತ್ತು. ಮಡಕೆ ಬಿರುಕು ಬಿಟ್ಟರೆ ನೀರು ಜಿನುಗಿ ಹೇಳುತ್ತಿತ್ತು. ಬಿ.ಸಿ.ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯದಲ್ಲಿ ತುಳುನಾಡಿನ ಮನೆಬಳಕೆಯ ವಸ್ತುಗಳನ್ನು ಒಟ್ಟುಮಾಡಿ ಇಟ್ಟಿದ್ದಾರೆ. ನೋಡಲು ಹೋದ ನಮ್ಮ ಪ್ರಾಯದ ಹೆಂಗಸರು ಅಲ್ಲಿ ಇತಿಹಾಸವನ್ನು ನೋಡುವುದಿಲ್ಲ, "ಇದು ನಮ್ಮ ಅತ್ತೆಯ ಹತ್ತಿರ ಇತ್ತು, ಇದು ಈಗಲೂ ಅಟ್ಟದಲ್ಲಿ ಉಂಟು" ಎನ್ನುತ್ತಾ ನಡೆಯುತ್ತಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕ್ಯಾಮರಾಗಳ ಸಾಲಿನ ಮುಂದೆ ನಿಂತಾಗಲೂ ನನಗೆ ಹೀಗೆಯೇ ಅನ್ನಿಸಿದ್ದುಂಟು. ಅವುಗಳಲ್ಲಿ ಎಷ್ಟೋ ಹಾಳಾದವಲ್ಲ, ಫಿಲ್ಮ್ ಸಿಗುವುದು ಅಪರೂಪವಾಯಿತು ಅಷ್ಟೆ. ವಸ್ತುವಿನ ಒಳಗೆ ಏನೂ ಆಗದೆ ಅದರ ಸುತ್ತ ಇದ್ದದ್ದು ಹಿಂದೆ ಸರಿದರೂ ಅದು ಹಳೆಯದಾಗುತ್ತದೆ. ಮನುಷ್ಯರಿಗೂ ಹೀಗಾಗುವುದನ್ನು ನೋಡಿದ್ದೇವೆ, ಆದರೆ ಆ ಮಾತು ಬೇರೆ ದಿನಕ್ಕಿರಲಿ.

ಸಲಹೆಗಳಿಗೆ ಬರಗಾಲವಿರಲಿಲ್ಲ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಲ್ಯಾಪ್‌ಟಾಪ್ ತೆಗೊ ಅಮ್ಮ, ಕರೆಂಟು ಹೋದ್ರೂ ಎರಡು ಮೂರು ಗಂಟೆ ಕೆಲಸ ಆಗ್ತದೆ" ಎಂದ. ನಮ್ಮ ಕಡೆಯ ಮಳೆಗಾಲ ಬಲ್ಲವರಿಗೆ ಅದು ಸಣ್ಣ ಮಾತಲ್ಲ. ಮನೆಯವರು, "ಈಗ ಎಲ್ಲ ಮೊಬೈಲಿನಲ್ಲೇ ಆಗ್ತದಲ್ಲ" ಎಂದರು. ಅವರಿಗೆ ಆಗುತ್ತದೆ, ಅವರು ಇನ್ನೂರು ಪುಟ ಜೋಡಿಸಬೇಕಾಗಿಲ್ಲ. ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಪರದೆಯೂ ಯಂತ್ರವೂ ಒಂದೇ ಆಗಿರುವ ಆಲ್-ಇನ್-ಒನ್ ಚಿತ್ರ ಕಳುಹಿಸಿದಳು. ನೋಡಲು ಚಂದ. ಆದರೆ ಒಂದು ಕೆಟ್ಟರೆ ಎರಡನ್ನೂ ಹೊತ್ತುಕೊಂಡು ಹೋಗಬೇಕು.

ನನ್ನ ಒಲವು ಡೆಸ್ಕ್‌ಟಾಪಿನ ಕಡೆಗೇ. ಅದರಲ್ಲಿ ಸುಟ್ಟದ್ದನ್ನು ಮಾತ್ರ ಬದಲಿಸಬಹುದು, ಕಡಿಮೆಯಾದದ್ದನ್ನು ಸೇರಿಸಬಹುದು. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರುವುದುಂಟು. ಕೊಳ್ಳುವ ದಿನ ಎಷ್ಟಿದೆಯೋ ಕೊನೆಯ ದಿನಕ್ಕೂ ಅಷ್ಟೇ. ರಿಪೇರಿ ಮಾಡಿಸಿಕೊಳ್ಳುವುದು ಗಿರಾಕಿಯ ಹಕ್ಕು ಎಂಬ ವಾದ ಈಗ ಲೋಕದಲ್ಲೆಲ್ಲ ಎದ್ದಿದೆ. ನಮ್ಮ ಕೇಂದ್ರ ಸರಕಾರವೂ 2022ರಲ್ಲಿ ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ನಮ್ಮ ಊರಿನ ಹೆಂಗಸರು ಹಕ್ಕೆಂದು ಗೊತ್ತಾಗುವ ಮೊದಲೇ ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿಯ ಬ್ಲೇಡು, ಕೊಡೆಯ ಕಡ್ಡಿ ಬದಲಿಸುತ್ತಲೇ ಬಂದವರು.

ಇನ್ನೊಂದು ಚಿಂತೆ ನನ್ನ ಕಡತಗಳದ್ದು. ಇಪ್ಪತ್ತಕ್ಕೂ ಹೆಚ್ಚು ವರ್ಷ 'ನುಡಿ'ಯ ಹಳೆಯ ಅಕ್ಷರಗಳಲ್ಲಿ ಮಾಡಿದ ಕೆಲಸ ಅದರಲ್ಲಿದೆ. ನಾನು ಒತ್ತುವ ಕೀಲಿಮಣೆಯ ಕ್ರಮ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ್ದು. ಕನ್ನಡದಲ್ಲಿ ಬೆರಳಚ್ಚಿಸಲು ಅವರು ಮಾಡಿದ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ 'ಸೇಡಿಯಾಪು' ಎಂದೇ ಹೆಸರಿಟ್ಟಿದ್ದರು. ಅದೇ ಕ್ರಮ ಮುಂದೆ ನುಡಿಗೂ ಬಂತು. ಆದರೆ ಹಳೆಯ ನುಡಿ ಅಕ್ಷರಗಳು ಯೂನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ದೇವರ ಸ್ತುತಿಯೂ ಇಂಗ್ಲಿಷಿನ ಚಿಲ್ಲರೆ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪರಿವರ್ತಿಸುವ ಉಪಾಯಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಎಲ್ಲಿ ಹೋಗಿ ಕೂತಿದೆಯೆಂದು ಒಂದೊಂದೇ ನೋಡಬೇಕು.

ಈ ಕೆಲಸ ಮಾಡುವಾಗ ನನಗೆ ಮೂಡುಬಿದಿರೆಯ ತಾಳೆಗರಿಗಳು ನೆನಪಾಗುತ್ತವೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಶತಮಾನಗಳ ಕಾಲ ಅಲ್ಲಿಯ ಬಸದಿಯಲ್ಲಿ ಉಳಿದುಬಂದವು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಗರಿಗಳು ಜೀರ್ಣವಾಗುತ್ತಿದ್ದುದನ್ನು ಕಂಡು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾಗದಕ್ಕೆ ಪ್ರತಿ ಮಾಡುವ ಕೆಲಸ ಸುರುವಾಯಿತು, 1920ರ ದಶಕದವರೆಗೂ ನಡೆಯಿತು. ಪ್ರತಿ ಊರು ಬಿಟ್ಟು ಹೋಗಬಾರದೆಂಬ ಕಟ್ಟು ಇತ್ತು. ಪ್ರತಿ ಮಾಡುತ್ತಿದ್ದವರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿದರು. ಅವರಿಗೆ ನೆರವಾದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಪ್ರತಿ ಸಹಾರನಪುರಕ್ಕೆ ಹೋಯಿತು, ಅಲ್ಲಿಂದ ನಾಗರಿಗೆ ಇಳಿಯಿತು, 1939ರಿಂದ ಹೀರಾಲಾಲ್ ಜೈನ್ ಅವರು ಧವಲಾವನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಕಟ್ಟು ಮುರಿದದ್ದು ಸರಿಯೇ ತಪ್ಪೇ ಎಂದು ವಿದ್ವಾಂಸರು ಬೇಕಾದರೆ ಜಗಳವಾಡಲಿ. ನನ್ನ ಮನಸ್ಸು ನಿಲ್ಲುವುದು ಲಕ್ಷ್ಮೀಬಾಯಿಯವರಲ್ಲಿ. ಪ್ರಾಕೃತದ ಸಾವಿರಾರು ಸಾಲುಗಳ ಆ ಗುಟ್ಟಿನ ಕೆಲಸದಲ್ಲಿ ಅವರು ಕೈ ಜೋಡಿಸಿದ್ದು ಮನೆಗೆಲಸದ ನಡುವೆ ಯಾವ ಹೊತ್ತಿನಲ್ಲಿ ಎಂದು ಯಾರೂ ಬರೆದಿಟ್ಟಂತೆ ಕಾಣುವುದಿಲ್ಲ. ಪಾತ್ರೆ ಹಳೆಯದಾಗುತ್ತಿರುವಾಗ ಒಳಗಿನದನ್ನು ಬಗ್ಗಿಸಿಕೊಳ್ಳುವ ಕೈಗಳು ಯಾವ ಕಾಲದಲ್ಲೂ ಬೇಕಾಗುತ್ತವೆ. ನನ್ನ ಮದುವೆ ಕಾಗದಗಳನ್ನು ಧವಲಾದ ಪಕ್ಕದಲ್ಲಿಡುವಷ್ಟು ಜಂಬ ನನಗಿಲ್ಲ. ಆದರೂ ತೀರಿಹೋದ ಎಷ್ಟೋ ಹಿರಿಯರ ಲೇಖನಗಳು ಆ ಸ್ಮರಣ ಸಂಚಿಕೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಇಷ್ಟು ಹೊತ್ತು ಯಾವುದನ್ನು ಕೊಳ್ಳುವುದು ಎಂದೇ ಹೇಳುತ್ತಾ ಬಂದೆ. ಪ್ರಶ್ನೆ ಬೇರೆಯಾದದ್ದು ಹಳೆಯದನ್ನು ಏನು ಮಾಡುವುದು ಎಂಬಲ್ಲಿ.

ಗುಜರಿಯವನು ತೂಕದ ಲೆಕ್ಕದಲ್ಲಿ ಕೊಡುತ್ತಾನೆ. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ? ತಾಮ್ರಕ್ಕಾಗಿ ವಯರು ಸುಡುವ ಹೊಗೆ ಯಾರ ಮಕ್ಕಳ ಮೂಗಿಗೆ ಹೋಗುತ್ತದೆ? ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ, ಮಾರಿದ ಕಂಪೆನಿಗಳೇ ಅದರ ವಿಲೇವಾರಿಯ ಜವಾಬ್ದಾರಿ ಹೊರಬೇಕು ಎನ್ನುತ್ತವೆ. ಆದರೆ ಹಾಗೆ ಎಸೆಯುವಂಥದ್ದು ನನ್ನ ಯಂತ್ರಕ್ಕೆ ಏನಾಗಿದೆ? ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಕೆಲಸಕ್ಕೆ ಬರುವ ಅಕ್ಕನ ಮಗಳಿಗೆ ಕೊಡಿ, ಪಾಪ, ಬಿ.ಕಾಂ. ಓದ್ತಾ ಉಂಟಲ್ಲ."

ನಮ್ಮ ಮನೆಯ ಕೆಲಸಕ್ಕೆ ಬರುವವರನ್ನು ನಾನು ಅಕ್ಕ ಎನ್ನುತ್ತೇನೆ, ಅವರೂ ನನ್ನನ್ನು ಅಕ್ಕ ಎನ್ನುತ್ತಾರೆ. ನಮ್ಮಲ್ಲಿ ಯಾರು ದೊಡ್ಡವರೆಂದು ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಬೆಳಿಗ್ಗೆ ಎರಡು ಮನೆ ಕೆಲಸ, ಮಧ್ಯಾಹ್ನದ ಮೇಲೆ ಬೀಡಿ. ಮಗಳು ಸಿದ್ಧಕಟ್ಟೆಯ ದಾರಿಯಾಗಿ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಓದುತ್ತಾಳೆ. ಕಂಪ್ಯೂಟರಿನ ವಿಷಯ ಹೇಳಿದಾಗ ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಮಾತು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಅಕ್ಕ, ಅದು ಆಗುವುದಿಲ್ಲ ಅಂತ ಕೊಡುವುದಾ, ಆಗ್ತದೆ ಅಂತ ಕೊಡುವುದಾ?"

ಸಿಟ್ಟಿನಿಂದ ಕೇಳಿದ್ದಲ್ಲ. ಬೀಡಿ ಬ್ರಾಂಚಿನಲ್ಲಿ ದಿನವೂ ಒಳ್ಳೆಯ ಬೀಡಿ ಬೇರೆ, ತಿರಸ್ಕರಿಸಿದ್ದು ಬೇರೆ ಎಂದು ವಿಂಗಡಿಸುವುದನ್ನು ನೋಡುವವರಿಗೆ ಕೇಳಬೇಕಾದದ್ದನ್ನು ನೇರವಾಗಿ ಕೇಳಿ ಗೊತ್ತು.

ಕಠೋಪನಿಷತ್ತಿನ ಕತೆ ನಿಮಗೆ ಗೊತ್ತಿರುವುದೇ. ಎಲ್ಲವನ್ನೂ ದಾನ ಮಾಡಬೇಕಾದ ಯಜ್ಞದಲ್ಲಿ ತಂದೆ ಕೊಟ್ಟದ್ದು ಇನ್ನು ಹಾಲೂ ಕೊಡಲಾರದ, ಕರುವನ್ನೂ ಹಾಕಲಾರದ ಮುದಿ ಹಸುಗಳನ್ನು. ಅದನ್ನು ನೋಡಿ ಚಿಕ್ಕ ಹುಡುಗ ನಚಿಕೇತ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮೂರು ಸಲ ಕೇಳಿದ. ಮುಂದಿನ ಯಮನ ಸಂವಾದವೇ ದೊಡ್ಡದೆಂದು ಪಂಡಿತರು ವಿವರಿಸುತ್ತಾರೆ. ನನಗೆ ಆ ಹಸುಗಳ ಭಾಗವೇ ಸಾಕಾಗುವಷ್ಟು ದೊಡ್ಡದು. ದಾನ ಹಿಡಿದುಕೊಂಡು ಹೋದ ಬ್ರಾಹ್ಮಣನ ಹೆಂಡತಿ ಆ ಹಸುಗಳಿಗೆ ಹುಲ್ಲು ಎಲ್ಲಿಂದ ತಂದಳು? ಕೊಟ್ಟವನ ಕೊಟ್ಟಿಗೆ ಖಾಲಿಯಾಯಿತು, ಪುಣ್ಯ ಬಂತು. ಸಾಕುವ ಭಾರ ಇನ್ನೊಬ್ಬಳ ಅಂಗಳಕ್ಕೆ ಬಂತು. ನಾವು ಹಳೆಯ ಸೀರೆ, ಹಳೆಯ ಟಿ.ವಿ., ನಿನ್ನೆಯ ಸಾರು ಕೊಡುವಾಗಲೂ ಈ ಲೆಕ್ಕ ಇದ್ದೇ ಇರುತ್ತದೆ.

ನನ್ನ ಯಂತ್ರವನ್ನು ಆ ಹುಡುಗಿಗೆ ಕೊಟ್ಟರೆ ಏನಾದೀತು ಎಂದು ಕೂತು ಯೋಚಿಸಿದೆ. ಅವಳಿಗೆ ಬೇಕಾದದ್ದು ಟ್ಯಾಲಿ ಕಲಿಯಲು. ಅದು ವಿಂಡೋಸಿನ ತಂತ್ರಾಂಶ. ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ, ಬ್ಯಾಂಕು ಎಲ್ಲಕ್ಕೂ ಅವಳು ಇಂಟರ್ನೆಟ್ಟಿಗೆ ಹೋಗಲೇಬೇಕು. ತೇಪೆ ಇಲ್ಲದ ಯಂತ್ರದಲ್ಲಿ ಅದು ಅಪಾಯ. ಬ್ಯಾಂಕಿನಲ್ಲಿರುವ ನಾಲ್ಕು ಸಾವಿರ ಹೋದರೆ ನನಗೆ ಬೇಸರ, ಆ ಮನೆಗೆ ಅದು ತಿಂಗಳ ಅಕ್ಕಿ. ಮೇಲಾಗಿ ಒಂದೇ ಕೋಣೆಯ ಮನೆಯಲ್ಲಿ ಮೇಜೆಲ್ಲಿ, ಯು.ಪಿ.ಎಸ್. ಎಲ್ಲಿ? ಅವಳು ಹೆಚ್ಚಿನ ಹೊತ್ತು ಇರುವುದೇ ಕಾಲೇಜು ಮತ್ತು ಬಸ್ಸಿನಲ್ಲಿ.

ಅದೇ ಯಂತ್ರ ನನ್ನ ಬಳಿಯೇ ಇದ್ದರೆ? ಹಳೆಯ ಪೇಜ್‌ಮೇಕರ್, ಹಳೆಯ ನುಡಿ, ಹಳೆಯ ಕಡತ ಎಲ್ಲವೂ ಅದರಲ್ಲಿ ಹೊಂದಿಕೊಂಡು ಇವೆ. ವಿಂಡೋಸ್ ಭಾಗಕ್ಕೆ ಇಂಟರ್ನೆಟ್ ತಗಲದಂತೆ ಇಟ್ಟರೆ ಕಳ್ಳನಿಗೆ ಆ ದಾರಿಯಿಂದ ಬರಲು ಆಗುವುದಿಲ್ಲ. ಇನ್ನೊಂದು ಭಾಗದಲ್ಲಿ ಲಿನಕ್ಸ್ ಹಾಕಿಕೊಂಡರೆ ಮೈಲ್ ನೋಡಲು, ಮುದ್ರಣಾಲಯಕ್ಕೆ ಪಿ.ಡಿ.ಎಫ್. ಕಳುಹಿಸಲು ಸಾಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ನನ್ನ ಕೀಲಿಮಣೆಯ ಕ್ರಮವೂ ಅದರಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಇದೆ. ಅಂದರೆ ಆ ಹಸು ನನ್ನ ಕೊಟ್ಟಿಗೆಯಲ್ಲಿ ಇನ್ನೂ ಹಾಲು ಕೊಡುತ್ತದೆ, ಅಕ್ಕನ ಅಂಗಳಕ್ಕೆ ಹೋದ ದಿನವೇ ಬತ್ತುತ್ತದೆ.

ಹಾಗಾದರೆ ನಾನು ಕೂಡಿಟ್ಟ ನಲವತ್ತೈದು ಸಾವಿರದಲ್ಲಿ ಕೊಳ್ಳುವ ಯಂತ್ರ ಹೋಗಬೇಕಾದದ್ದು ಅವಳಿಗೆ.

ಇದನ್ನು ಹೇಳಿದಾಗ ಮಗಳಿಗೆ ಕೋಪ ಬಂತು. "ನಿನ್ನದು ಯಾವಾಗ್ಲೂ ಇದೇ ಅಮ್ಮ. ತಳ ಹಿಡಿದ ದೋಸೆ ನಿನಗೆ, ಹರಿದ ಛತ್ರಿ ನಿನಗೆ, ಈಗ ಹಳೇ ಕಂಪ್ಯೂಟರೂ ನಿನಗೆ. ಅಜ್ಜಿಯ ಕಡೆಯುವ ಕಲ್ಲಿನ ಕತೆ ಹೇಳಿ ಹೇಳಿ ನೀನೂ ಅದನ್ನೇ ಮಾಡ್ತಿ" ಎಂದಳು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತ್ಯಾಗವೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಅಭ್ಯಾಸ, ಎಷ್ಟು ಪಾಲು ನಿರ್ಧಾರ? ಎಲ್ಲರಿಗೂ ಬಡಿಸಿದ ಮೇಲೆ ಉಳಿದದ್ದನ್ನು ಉಣ್ಣುವವಳ ಕೈಯಿಂದ ಇನ್ನೊಬ್ಬಳಿಗೆ ಒಳ್ಳೆಯದು ಹೋದರೆ ಅದು ದಾನವೋ, ಅಥವಾ ತನಗೆ ಏನೂ ಸಲ್ಲದು ಎಂಬ ಹಳೆಯ ಪಾಠವೋ? ಇದನ್ನು ಅಳೆಯಲು ನನಗೆ ತೋಚಿದ ಒಂದೇ ದಾರಿ, ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆದು ನನಗೇನು ಬೇಕೆಂದು ಕೇಳಿಕೊಳ್ಳುವುದು. ಅಮ್ಮನನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿಕೊಂಡೆ. ಉತ್ತರ ಬಂತು: ಕಣ್ಣಿಗೆ ದೊಡ್ಡ ಪರದೆ ಬೇಕು, ಬೆನ್ನಿಗೆ ಒಳ್ಳೆಯ ಕುರ್ಚಿ ಬೇಕು. ಹೊಸ ಯಂತ್ರ ಬೇಕೆಂದು ಬೆನ್ನೂ ಹೇಳಲಿಲ್ಲ, ಕಣ್ಣೂ ಹೇಳಲಿಲ್ಲ. ಪೆಟ್ಟಿಗೆ ಒಡೆಯುವಾಗ ಬರುವ ಹೊಸತರ ಪರಿಮಳದ ಆಸೆ ಇತ್ತು, ಅದು ಪರದೆಯ ಪೆಟ್ಟಿಗೆಯಲ್ಲೂ ಬರುತ್ತದೆ. ಮಗಳಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಅಕ್ಕನಿಗೂ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಪುಕ್ಕಟೆ ಬೇಡವೆಂದರು, ತಿಂಗಳಿಗೆ ಒಂದು ಸಾವಿರ ಕೊಡುತ್ತೇನೆಂದರು. ಬೇಡವೆನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಕೊಡುವ ಸುಖವೆಲ್ಲ ನನಗೇ ಇರಲಿ ಎಂದರೆ ಅದೂ ಒಂದು ಬಗೆಯ ಲೋಭವೇ. ಬಡ್ಡಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಯಾವುದು ಎಂಬುದನ್ನು ಹುಡುಗಿಯೇ ಆರಿಸಲಿ ಎಂದು ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಸರಿಮಾಡಿ ಮಾರುತ್ತಾರಲ್ಲ, ಅಂಥವನ್ನು ಸಾಲಾಗಿ ಇಟ್ಟಿದ್ದರು. ನಾನು ಹೊಸತೇ ತೆಗೆದುಕೋ ಎಂದೆ. ಅವಳು ಬೆಲೆಯ ಚೀಟಿ ನೋಡಿ, ಅಮ್ಮನ ಕಂತಿನ ಲೆಕ್ಕ ಮನಸ್ಸಿನಲ್ಲೇ ಹಾಕಿ, ಬಳಸಿದ್ದೇ ಸಾಕೆಂದಳು. ಆಮೇಲೆ ಅಂಗಡಿಯವರನ್ನು ಕೇಳತೊಡಗಿದಳು. "ಇದು ಎಂಟನೇ ಜನರೇಷನ್ನಾ ಸರ್? ವಿಂಡೋಸ್ 11 ಸರಿಯಾದದ್ದು ಉಂಟಲ್ಲ? ಬ್ಯಾಟರಿ ಬದಲಿಸಿದ್ದಾ, ಹಳೇದೇನಾ? ರ‍್ಯಾಮ್ ಇನ್ನೂ ಹಾಕ್ಲಿಕ್ಕೆ ಜಾಗ ಉಂಟಾ?" ಅಂಗಡಿಯ ಹುಡುಗ ನನ್ನ ಮುಖ ನೋಡಿ ಉತ್ತರ ಹೇಳುತ್ತಿದ್ದವನು ನಾಲ್ಕನೆಯ ಪ್ರಶ್ನೆಗೆ ಅವಳ ಕಡೆಗೆ ತಿರುಗಿದ. ಒಂದು ವರ್ಷದ ಗ್ಯಾರಂಟಿಯೊಂದಿಗೆ ಇಪ್ಪತ್ತೊಂದು ಸಾವಿರವಾಯಿತು. ನನ್ನ ಹಳೆಯದಕ್ಕೆ ಎಸ್.ಎಸ್.ಡಿ., ಇನ್ನಷ್ಟು ಮೆಮೊರಿ, ಒಂದು ದೊಡ್ಡ ಪರದೆ, ಕುರ್ಚಿ. ಕೈಯಲ್ಲಿ ಸ್ವಲ್ಪ ಉಳಿಯಿತು ಕೂಡ. ಹಾರ್ಡ್‌ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿದ ಮೇಲೆ ಯಂತ್ರ ಒಲೆಯ ಮೇಲೆ ಚಹಾದ ನೀರು ಇಡುವಷ್ಟರಲ್ಲಿ ತಯಾರಾಗಿ ಕೂತಿರುತ್ತದೆ. ಮೊದಲು ಚಹಾ ಕುಡಿದು ಲೋಟ ತೊಳೆದರೂ ಆಗುತ್ತಿರಲಿಲ್ಲ.

ಹಳೆಯ ಕಡತಗಳನ್ನು ದಿನಕ್ಕೆ ಐದರಂತೆ ಯೂನಿಕೋಡಿಗೆ ಇಳಿಸುತ್ತಿದ್ದೇನೆ. ಇನ್ನೂ ಆರು ನೂರಕ್ಕೆ ಮೇಲೆ ಬಾಕಿ.

ಟ್ಯಾಲಿಯನ್ನು ಕಲಿಯುವವರು ದುಡ್ಡು ಕೊಡದೆ ಬಳಸುವ ಒಂದು ಕ್ರಮವಿದೆ. ಅದರಲ್ಲಿ ತಿಂಗಳ ಒಂದು, ಎರಡು ಮತ್ತು ಮೂವತ್ತೊಂದನೆಯ ತಾರೀಕಿನ ಲೆಕ್ಕಗಳನ್ನು ಮಾತ್ರ ಬರೆಯಲು ಬಿಡುತ್ತದೆ. ಹುಡುಗಿ ಕಲಿಯಲಿಕ್ಕೆಂದು ನನ್ನ ಹೆಸರಿನಲ್ಲಿ ಒಂದು ಲೆಡ್ಜರ್ ತೆರೆದು ಸಾಲದ ಲೆಕ್ಕ ಬರೆದಿದ್ದಾಳೆ. ಆದ್ದರಿಂದ ಅಕ್ಕನ ಕಂತು ತಪ್ಪದೆ ಎರಡನೆಯ ತಾರೀಕಿಗೇ ಬರುತ್ತದೆ.